ಗರ್ಭಿಣಿಯ ಮನಸ್ಸು ಕುಗ್ಗಿದಾಗ ಮನೆಯವರು ನಿಜಕ್ಕೂ ಏನು ಮಾಡಬೇಕು? ಒಂದು ಪುಟದ ಕೈಪಿಡಿಗೆ ಸಲಹೆ ಬೇಕು

ಕೈದೀವಿಗೆ
ಗರ್ಭಿಣಿಯರ ಮನೆಯವರ ಕೈಗೆ ಕೊಡೋಕೆ ಒಂದೇ ಪುಟದ ಕೈಪಿಡಿ ಸಿದ್ಧವಾಗ್ತಿದೆ. ಬಸುರಿನ ತಿಂಗಳುಗಳಲ್ಲಿ ಮನಸ್ಸಿನ ಆರೋಗ್ಯ, ಸುತ್ತಲಿನವರ ಆಸರೆ, ಇಷ್ಟೇ ವಿಷಯ. ಈಗಿರುವ ಬರಹಗಳನ್ನು ಓದಿದರೆ ಕೊನೆಗೆ ಕೈಗೆ ಸಿಗೋದು ಮೂರೇ ಮಾತು: "ಸಂತೋಷವಾಗಿಡಿ, ಒತ್ತಡ ಕೊಡಬೇಡಿ, ಬೆಂಬಲವಾಗಿರಿ." ಇದನ್ನು ಓದಿದ ಗಂಡನೋ ತಾಯಿಯೋ ಅತ್ತೆಯೋ ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ನನಗೆ ಬೇಕಿರೋದು ಇಷ್ಟು. ಬಸುರಿನ ಸಹಜ ಸುಸ್ತಿಗೂ ಖಿನ್ನತೆಗೂ ವ್ಯತ್ಯಾಸ ಮನೆಯವರಿಗೆ ಗೊತ್ತಾಗೋದು ಹೇಗೆ? ಆಸರೆ ಅಂದರೆ ಯಾರು, ಯಾವಾಗ, ಎಷ್ಟು ಹೊತ್ತು, ಯಾವ ಕೆಲಸ? ಇದು ಮನೆಯವರ ಕೈ ಮೀರಿದೆ, ವೈದ್ಯರ ಹತ್ತಿರ ಹೋಗಲೇಬೇಕು ಅನ್ನೋ ಗೆರೆ ಎಲ್ಲಿದೆ? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಬಿಡಿಸಿ ಬರೆಯಿರಿ.

ರಾತ್ರಿಪಾಳಿ
ಮೊದಲು "ನೀನು ಖುಷಿಯಾಗಿದ್ದರೆ ಮಗು ಚೆನ್ನಾಗಿರುತ್ತೆ" ಅನ್ನೋ ಸಾಲನ್ನು ತೆಗೆದುಹಾಕಿ. ಮನಸ್ಸು ಕುಗ್ಗಿದವಳ ಕಿವಿಗೆ ಅದು "ನೀನು ಅತ್ತರೆ ಮಗುವಿಗೆ ಕೇಡು" ಅಂತ ಕೇಳಿಸುತ್ತೆ. ಆಮೇಲೆ ಅವಳು ಅಳೋದನ್ನು ನಿಲ್ಲಿಸಲ್ಲ, ನಿಮ್ಮೆದುರು ಅಳೋದನ್ನು ನಿಲ್ಲಿಸ್ತಾಳೆ.

ಹೆರಿಗೆಕೋಣೆ
ಸುಸ್ತು, ನಿದ್ದೆ ಕೆಡೋದು, ಹಸಿವು ಹೆಚ್ಚುಕಮ್ಮಿ, ಮರೆವು. ಈ ನಾಲ್ಕೂ ಬಸುರಲ್ಲೂ ಇರುತ್ತವೆ, ಖಿನ್ನತೆಯಲ್ಲೂ ಇರುತ್ತವೆ. ಹಾಗಾಗಿ ಇವುಗಳ ಮೇಲೆ ತೀರ್ಮಾನ ಮಾಡೋಕಾಗಲ್ಲ. ನೋಡಬೇಕಾದ್ದು ಬೇರೆ.

ಮಲಗೋಕೆ ಜಾಗ, ಸಮಯ, ನಿಶ್ಶಬ್ದ ಎಲ್ಲ ಕೊಟ್ಟ ಮೇಲೂ ನಿದ್ದೆ ಬರುತ್ತಿಲ್ಲವೇ? ಮೂತ್ರಕ್ಕೆ ಎದ್ದು ಮತ್ತೆ ಮಲಗಿ ಹತ್ತು ನಿಮಿಷಕ್ಕೆ ನಿದ್ದೆ ಹೋದರೆ ಅದು ಬಸುರು. ಮೂರು ಗಂಟೆಗೆ ಎದ್ದವಳು ಬೆಳಗಿನವರೆಗೂ ಅದೇ ಯೋಚನೆ ಸುತ್ತಿಸುತ್ತಾ ಮಲಗಿದ್ದರೆ, ಅದೂ ಮತ್ತೆ ಮತ್ತೆ ಆಗುತ್ತಿದ್ದರೆ ಗಮನ ಕೊಡಿ. ಮೊದಲು ಇಷ್ಟವಿದ್ದ ಕೆಲಸ, ಇಷ್ಟವಿದ್ದ ಜನ ಈಗ ಬೇಡವೇ? ವಿಶ್ರಾಂತಿ ಆದ ಮೇಲೂ ಬೇಡವೇ? "ನಾನು ಒಳ್ಳೆ ತಾಯಿ ಆಗಲ್ಲ", "ನಾನು ಎಲ್ಲರಿಗೂ ಹೊರೆ" ಅನ್ನೋ ಮಾತು ಮತ್ತೆ ಮತ್ತೆ ಬರುತ್ತಿದೆಯೇ? ಸುಸ್ತು ಯಾರಿಗೂ ಅಪರಾಧಿ ಭಾವ ತರಲ್ಲ, ಖಿನ್ನತೆ ತರುತ್ತೆ. ಇವು ದಿನದ ಬಹುಪಾಲು, ಹೆಚ್ಚುಕಮ್ಮಿ ಪ್ರತಿದಿನ, ಎರಡು ವಾರ ಇದ್ದರೆ ತಪಾಸಣೆಗೆ ಕರೆದುಕೊಂಡು ಹೋಗಿ.

ಮನೆಯವರೇ ಕೇಳಬಹುದಾದ ಎರಡು ಪ್ರಶ್ನೆಗಳಿವೆ, ವೂಲಿ ಪ್ರಶ್ನೆಗಳು ಅಂತಾರೆ. "ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿದ ಹಾಗೆ, ಆಸೆಯೇ ಬತ್ತಿದ ಹಾಗೆ ಆಗಾಗ ಅನಿಸಿದೆಯಾ?" "ಯಾವುದರಲ್ಲೂ ಆಸಕ್ತಿ ಇಲ್ಲ, ಯಾವುದೂ ಖುಷಿ ಕೊಡುತ್ತಿಲ್ಲ ಅಂತ ಆಗಾಗ ಅನಿಸಿದೆಯಾ?" ಒಂದಕ್ಕೆ ಹೌದು ಅಂದರೂ ಮುಂದಿನ ತಪಾಸಣೆ ಬೇಕು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿಯಲ್ಲಿ ಮೊದಲ ಭೇಟಿಯಲ್ಲೇ ಇವನ್ನು ಕೇಳೋದನ್ನು ಪರಿಗಣಿಸಿ ಅಂತಿದೆ.

ಸುಮ್ನೆಕೇಳ್ದೆ
ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆಯಲ್ಲ, ಅದನ್ನೇ ಪುಟದ ಹಿಂಭಾಗದಲ್ಲಿ ಅಚ್ಚು ಹಾಕಿದರೆ ಆಗಲ್ವಾ? ಮನೆಯಲ್ಲೇ ಅಂಕ ಕೂಡಿಸಿಕೊಳ್ಳಬಹುದು. 13 ದಾಟಿದರೆ ಖಿನ್ನತೆ ಅಂತ ಗೊತ್ತಾಗುತ್ತೆ.

ಲೆಕ್ಕಪತ್ರ
@ಸುಮ್ನೆಕೇಳ್ದೆ, 13 ದಾಟಿದರೆ ಖಿನ್ನತೆ ಅಂತ ಅರ್ಥ ಅಲ್ಲ. "ಇವರನ್ನು ಯಾರಾದರೂ ಕೂರಿಸಿಕೊಂಡು ಸರಿಯಾಗಿ ಮಾತಾಡಿಸಬೇಕು" ಅಂತ ಅರ್ಥ. ಜರಡಿಗೂ ರೋಗನಿರ್ಣಯಕ್ಕೂ ವ್ಯತ್ಯಾಸ ಇದೆ.

ಆ ಪ್ರಶ್ನಾವಳಿ ಬಂದದ್ದು 1987ರಲ್ಲಿ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 30. ಕೇಳೋದು ಕಳೆದ 7 ದಿನಗಳ ಬಗ್ಗೆ ಮಾತ್ರ. ಸುಸ್ತು, ಹಸಿವಿನಂಥ ದೇಹದ ಲಕ್ಷಣಗಳನ್ನು ಬೇಕಂತಲೇ ಹೊರಗಿಟ್ಟಿದ್ದಾರೆ. ನಿದ್ದೆಯನ್ನು ಕೇಳುವಾಗಲೂ "ದುಃಖದಿಂದಾಗಿ ನಿದ್ದೆ ಬರುತ್ತಿಲ್ಲವೇ" ಅಂತಲೇ ಕೇಳುತ್ತೆ. ಬಸುರಿಗೆ ಅದು ಹೊಂದೋದು ಇದೇ ಕಾರಣಕ್ಕೆ. ಖಿನ್ನತೆಯ ಇನ್ನೊಂದು ಪ್ರಶ್ನಾವಳಿ ಪಿಎಚ್‌ಕ್ಯು-9ರಲ್ಲಿ ನಿದ್ದೆ, ಸುಸ್ತು, ಹಸಿವು ಮೂರೂ ಇವೆ, ಹಾಗಾಗಿ ಆರೋಗ್ಯವಾಗಿರುವ ಗರ್ಭಿಣಿಗೂ ನಾಲ್ಕೈದು ಅಂಕ ಸುಮ್ಮನೆ ಬಂದುಬಿಡಬಹುದು.

ಮನೆಯಲ್ಲಿ ಕೂಡಿಸುವಾಗ ತಪ್ಪಾಗೋದು ಇಲ್ಲಿ: 1, 2 ಮತ್ತು 4ನೇ ಪ್ರಶ್ನೆಗೆ ಮೇಲಿನ ಉತ್ತರಕ್ಕೆ 0, ಕೆಳಗಿನದಕ್ಕೆ 3. ಉಳಿದ ಏಳಕ್ಕೆ ಉಲ್ಟಾ, ಮೇಲಿನದಕ್ಕೆ 3. ಇದು ತಿಳಿಯದೆ ಒಂದೇ ದಿಕ್ಕಲ್ಲಿ ಕೂಡಿಸಿದರೆ ತೀರಾ ಕುಗ್ಗಿದವಳಿಗೂ ಕಡಿಮೆ ಅಂಕ ಬರುತ್ತೆ.

ಗಡಿ ಅಂಕದ ವಿಷಯದಲ್ಲೂ ಒಮ್ಮತ ಇಲ್ಲ. ಹೆರಿಗೆಯ ನಂತರಕ್ಕೆ 13, ಬಸುರಿನಲ್ಲಿ 15 ಅಂತ ಮೂಲ ತಂಡದವರ ಸಲಹೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 58 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 11 ಇಟ್ಟರೆ ಸಮತೋಲನ ಚೆನ್ನಾಗಿದೆ ಅಂತ ಬಂತು. 13 ಇಟ್ಟರೆ ಸುಮಾರು ಮೂರರಲ್ಲಿ ಒಬ್ಬರು ಕೈತಪ್ಪಿ ಹೋಗ್ತಾರೆ. ಹಾಗಾಗಿ 10ರಿಂದ 12 ಬಂದವರನ್ನು "ಏನೂ ಇಲ್ಲ" ಅಂತ ಕಳಿಸಬಾರದು, ಎರಡು ವಾರ ಬಿಟ್ಟು ಮತ್ತೆ ಕೇಳಬೇಕು.

ಹೆರಿಗೆಕೋಣೆ
ಅದಕ್ಕೆ ಎರಡು ಸೇರಿಸುತ್ತೇನೆ. ಒಟ್ಟು ಅಂಕ ಎಷ್ಟೇ ಇರಲಿ, 10ನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಅವತ್ತೇ ಮಾತಾಡಬೇಕು. ಅದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆ. ಒಟ್ಟು 6 ಬಂದು 10ನೆಯದಕ್ಕೆ 2 ಇದ್ದರೆ ಆ 6ಕ್ಕೆ ಬೆಲೆಯಿಲ್ಲ. ಇನ್ನೊಂದು, ಅತ್ತೆ ಪಕ್ಕದಲ್ಲಿ ಕೂತು ಓದಿ ಹೇಳ್ತಾ ತುಂಬಿಸಿದ ಹಾಳೆಯನ್ನು ನಂಬಬೇಡಿ. ಒಬ್ಬಳೇ ತುಂಬಬೇಕು. ಓದೋಕೆ ಬಾರದಿದ್ದರೆ ಮನೆಯವರಲ್ಲದ ಒಬ್ಬರು ಓದಿ ಹೇಳಬೇಕು.

ಇದೇ ಕಾರಣಕ್ಕೆ ಹಿಂಬದಿಯಲ್ಲಿ ಪ್ರಶ್ನಾವಳಿ ಅಚ್ಚು ಹಾಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಎರಡು ಪ್ರಶ್ನೆ ಸಾಕು.

ಹಳೇಬೇರು
ಇಷ್ಟೆಲ್ಲ ಅಂಕಿಸಂಖ್ಯೆ ಯಾಕೆ ಸ್ವಾಮಿ? ಬಸುರಿಯರು ಅಳೋದು ಹಾರ್ಮೋನಿನಿಂದ, ಹೆತ್ತ ಮೇಲೆ ಸರಿಹೋಗುತ್ತೆ. ಮನೆ ತುಂಬ ಜನ ಇದ್ದರೆ ಈ ಸಮಸ್ಯೆಯೇ ಬರಲ್ಲ. ಒಂಟಿ ಸಂಸಾರಗಳ ಕಾಯಿಲೆ ಇದು.

ಲೆಕ್ಕಪತ್ರ
ಹಾಗಲ್ಲ ಸರ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಪ್ರಕಾರ ಜಗತ್ತಿನಲ್ಲಿ ಗರ್ಭಿಣಿಯರಲ್ಲಿ ಶೇ. 10, ಹೆರಿಗೆಯಾದವರಲ್ಲಿ ಶೇ. 13 ಮಂದಿಗೆ ಮಾನಸಿಕ ಸಮಸ್ಯೆ ಇರುತ್ತೆ, ಬಹುತೇಕ ಖಿನ್ನತೆ. ಅಭಿವೃದ್ಧಿಶೀಲ ದೇಶಗಳಲ್ಲಿ ಇದು ಶೇ. 15.6 ಮತ್ತು 19.8. ತುಂಬಿದ ಮನೆಗಳು ಹೆಚ್ಚಿರೋದೇ ಈ ದೇಶಗಳಲ್ಲಿ.

ಹಾರ್ಮೋನು ಎಲ್ಲ ಗರ್ಭಿಣಿಯರಲ್ಲೂ ಏರುತ್ತೆ, ಖಿನ್ನತೆ ಎಲ್ಲರಿಗೂ ಬರಲ್ಲ. ಹಿಂದೆ ಖಿನ್ನತೆ ಆಗಿದ್ದು, ಗಂಡನ ಆಸರೆ ಇಲ್ಲದಿರೋದು, ಮನೆಯೊಳಗಿನ ಹಿಂಸೆ, ಬಯಸದ ಬಸುರು, ಹಿಂದೆ ಮಗುವನ್ನು ಕಳೆದುಕೊಂಡಿರೋದು, ಹಣದ ಸಂಕಟ, ಇವು ಇರುವಲ್ಲಿ ಅದು ಹೆಚ್ಚು.

ಮನದಮಾತು
@ಹಳೇಬೇರು ಅವರೇ, ನಿಮ್ಮ ಮಾತಲ್ಲಿ ಒಂದು ಸತ್ಯ ಇದೆ: ಜನ ಬೇಕು. ಆದರೆ ಮನೆಯಲ್ಲಿ ಎಷ್ಟು ತಲೆ ಇವೆ ಅನ್ನೋದು ಲೆಕ್ಕಕ್ಕೆ ಬರಲ್ಲ, "ನನಗೆ ಇವರಿದ್ದಾರೆ" ಅಂತ ಅವಳಿಗೆ ಅನಿಸುತ್ತಾ ಅನ್ನೋದು ಬರುತ್ತೆ. ಹತ್ತು ಜನರ ಮನೆಯಲ್ಲಿ ಹತ್ತು ಜನರ ಕೆಲಸವೂ ಇರುತ್ತೆ, ಹತ್ತು ಜನರ ಅಭಿಪ್ರಾಯವೂ ಇರುತ್ತೆ. ಇದನ್ನು ಅಳೆಯೋಕೆ 1988ರಿಂದ 12 ಪ್ರಶ್ನೆಗಳ ಒಂದು ಅಳತೆಗೋಲು ಬಳಕೆಯಲ್ಲಿದೆ. ಮನೆಯವರ ಬಗ್ಗೆ ನಾಲ್ಕು, ಸ್ನೇಹಿತರ ಬಗ್ಗೆ ನಾಲ್ಕು, ಹತ್ತಿರದ ಒಬ್ಬ ವ್ಯಕ್ತಿಯ ಬಗ್ಗೆ ನಾಲ್ಕು. ಅದರಲ್ಲಿ ಎಲ್ಲೂ "ಮನೆಯಲ್ಲಿ ಎಷ್ಟು ಜನ" ಅಂತ ಕೇಳಲ್ಲ.

ಈಗ ಮೂಲ ಪ್ರಶ್ನೆಗೆ. ಆಸರೆಯಲ್ಲಿ ನಾಲ್ಕು ಬಗೆ: ಮನಸ್ಸಿಗೆ ಜೊತೆಯಾಗೋದು, ಕೈಕೆಲಸದ ನೆರವು, ಸರಿಯಾದ ಮಾಹಿತಿ, ಮತ್ತು "ನೀನು ಮಾಡುತ್ತಿರೋದು ಸರಿಯಿದೆ" ಅಂತ ಗುರುತಿಸೋದು. ಮನೆಗಳಲ್ಲಿ ಮಾಹಿತಿ ಧಾರಾಳ, ಉಳಿದ ಮೂರು ಬರ. ಎಲ್ಲರೂ ಸಲಹೆ ಕೊಡ್ತಾರೆ, ಬಟ್ಟೆ ಮಡಚೋರು ಯಾರೂ ಇಲ್ಲ.

"ಏನಾದರೂ ಬೇಕಿದ್ದರೆ ಹೇಳು" ಅನ್ನೋ ಮಾತು ಕೆಲಸ ಮಾಡಲ್ಲ. ಯಾಕೆ ಅಂದರೆ ಖಿನ್ನತೆಯಲ್ಲಿ ತೀರ್ಮಾನ ಮಾಡುವ ಶಕ್ತಿಯೇ ಕೈಕೊಡುತ್ತೆ. ಏನು ಬೇಕು ಅಂತ ಯೋಚಿಸಿ, ಯಾರನ್ನು ಕೇಳಲಿ ಅಂತ ಆರಿಸಿ, ಹೊರೆಯಾಗುತ್ತೇನೆ ಅನ್ನೋ ಭಾವ ದಾಟಿ ಬಾಯಿ ಬಿಡೋ ಹೊತ್ತಿಗೆ ಅವಳು ಸೋತಿರ್ತಾಳೆ. ಹಾಗಾಗಿ ಕೇಳುವ ಕೆಲಸವನ್ನು ಅವಳ ತಲೆಯಿಂದ ಇಳಿಸಬೇಕು. "ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡರಿಂದ ಐದು ದೊಡ್ಡ ಮಗುವನ್ನು ನಾನು ನೋಡಿಕೊಳ್ತೇನೆ, ಸರಿನಾ?" ಅನ್ನಿ. ಅವಳು ಹೌದು ಅಥವಾ ಬೇಡ ಅಂದರೆ ಸಾಕು.

ಪುಟದಲ್ಲಿ ಒಂದು ಖಾಲಿ ಪಟ್ಟಿ ಕೊಡಿ. ಎಡಗಡೆ ಕೆಲಸ, ಮಧ್ಯೆ ಹೆಸರು, ಬಲಗಡೆ ದಿನ-ಹೊತ್ತು. ಹೆಸರಿಲ್ಲದ ಕೆಲಸ ಆಗಲ್ಲ. "ಎಲ್ಲರೂ ಸೇರಿ ನೋಡಿಕೊಳ್ತೀವಿ" ಅಂದರೆ ಯಾರೂ ನೋಡಿಕೊಳ್ಳಲ್ಲ. ತಪಾಸಣೆಯ ದಿನ ಗೊತ್ತುಮಾಡೋದು ಮತ್ತು ಜೊತೆಗೆ ಹೋಗೋದು, ಹೋಗಿಬರೋ ವಾಹನ, ಅಡುಗೆ, ಬಟ್ಟೆ, ದೊಡ್ಡ ಮಗು, ಕಾಗದಪತ್ರ ಮತ್ತು ರಜೆಯ ಅರ್ಜಿ, ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಎತ್ತೋ ಒಬ್ಬರು, ಬಂದುಹೋಗುವ ನೆಂಟರನ್ನು ಬಾಗಿಲಲ್ಲೇ ಸಂಭಾಳಿಸೋ ಒಬ್ಬರು. ಇಡೀ ಪಟ್ಟಿಗೆ ಒಬ್ಬರೇ ಉಸ್ತುವಾರಿ. ಯಾರಾದರೂ ಬರಲಾಗದಿದ್ದರೆ ಆ ಉಸ್ತುವಾರಿಗೆ ಹೇಳಬೇಕು, ಗರ್ಭಿಣಿಗಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ಪಟ್ಟಿ ಬದಲಿಸಿ.

ಮನೋವಿಜ್ಞಾನ_ಓದು
@ಮನದಮಾತು, ಒಂದು ಎಚ್ಚರಿಕೆ ಸೇರಿಸಲೇಬೇಕು. ಎಲ್ಲ ಕೆಲಸ ಕಿತ್ತುಕೊಂಡು "ನೀನು ಸುಮ್ಮನೆ ಮಲಗು" ಅಂದರೆ ಖಿನ್ನತೆ ಹೆಚ್ಚುತ್ತೆ. ಇದು ಮನೆಯವರು ಪ್ರೀತಿಯಿಂದಲೇ ಮಾಡುವ ಹಾನಿ. ದಿನವಿಡೀ ಮಲಗಿದರೆ ಖುಷಿ ಕೊಡುವ ಏನೂ ನಡೆಯಲ್ಲ, ಏನೂ ಮಾಡಿಲ್ಲ ಅನ್ನೋ ಭಾವ ಬೆಳೆಯುತ್ತೆ, ರಾತ್ರಿ ನಿದ್ದೆಯೂ ಕೆಡುತ್ತೆ. ಹಾಗಾಗಿ ಪಟ್ಟಿ ಬರೆಯುವ ಮೊದಲು "ಯಾವ ಕೆಲಸ ನಿನ್ನ ಕೈಯಲ್ಲೇ ಇರಬೇಕು?" ಅಂತ ಕೇಳಿ, ಅದನ್ನು ಮುಟ್ಟಬೇಡಿ.

ಚಟುವಟಿಕೆಯನ್ನು ಮರಳಿ ತರೋಕೆ ಒಂದು ವಿಧಾನ ಇದೆ. ದಿನಕ್ಕೆ ಎರಡು ಚಿಕ್ಕ ಕೆಲಸ: ಒಂದು ಹಿತ ಕೊಡುವಂಥದ್ದು, ಒಂದು "ಮುಗಿಸಿದೆ" ಅನ್ನಿಸುವಂಥದ್ದು. ಪ್ರತಿಯೊಂದೂ ಹತ್ತು ನಿಮಿಷ ಮೀರಬಾರದು. ಹೊತ್ತು ಮೊದಲೇ ಗೊತ್ತಿರಬೇಕು, "ಮನಸ್ಸು ಬಂದಾಗ" ಅಂದರೆ ಬರಲ್ಲ. ಮಾಡುವ ಮುಂಚೆ, ಮಾಡಿದ ಮೇಲೆ ಮನಸ್ಸಿಗೆ 0ರಿಂದ 10ರಲ್ಲಿ ಅಂಕ ಹಾಕಬೇಕು. 2ರಿಂದ 3ಕ್ಕೆ ಏರಿದರೂ ಅದು ಫಲಿತಾಂಶವೇ. ಒಂದು ವಾರ ಆದ ಮೇಲೆ ಯಾವ ಕೆಲಸ ಅಂಕ ಏರಿಸಿತು ಅಂತ ನೋಡಿ ಅದನ್ನು ಹೆಚ್ಚಿಸಬೇಕು.

ಎಲ್ಲಿ ಕೆಡುತ್ತೆ? ಮೊದಲ ದಿನವೇ ಒಂದು ಗಂಟೆ ನಡಿಗೆ ಅಂತ ಹಾಕಿಕೊಂಡು ಮೂರನೇ ದಿನಕ್ಕೆ ಬಿಟ್ಟು "ನನ್ನಿಂದ ಆಗಲ್ಲ" ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಮಾಡಿಕೊಳ್ಳೋದು. ಗರ್ಭಿಣಿಯರಿಗೆ ವಾರಕ್ಕೆ 150 ನಿಮಿಷ ಮಧ್ಯಮ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ನಿಜ. ಅದು ಮೊದಲ ವಾರದ ಗುರಿ ಅಲ್ಲ. ರಕ್ತಸ್ರಾವ, ಅವಧಿಗೆ ಮುಂಚೆ ನೋವು, ರಕ್ತದೊತ್ತಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಶುರುಮಾಡಲೂ ಬಾರದು.

ಕೈದೀವಿಗೆ
ಪಟ್ಟಿಯ ವಿಚಾರ ತುಂಬ ಉಪಯೋಗ ಆಯ್ತು. ಮಾತಿನ ಬಗ್ಗೆ ಏನು ಬರೆಯಲಿ? ಏನು ಹೇಳಬೇಕು ಅಂತ ತಿಳಿಯದೆ ಗಂಡಂದಿರು ಮೌನವಾಗಿಬಿಡ್ತಾರೆ.

ಮನದಮಾತು
ದಿನಕ್ಕೆ ಹದಿನೈದು ನಿಮಿಷ, ಫೋನ್ ಬೇರೆ ಕೋಣೆಯಲ್ಲಿ. ಆ ಹದಿನೈದು ನಿಮಿಷ ಸಲಹೆ ಕೊಡಬಾರದು, ಇಷ್ಟೇ ನಿಯಮ. "ಇವತ್ತು ಯಾವುದು ಕಷ್ಟ ಆಯ್ತು?" ಅಂತ ಶುರುಮಾಡಿ. ಅವಳು ಹೇಳಿದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ: "ಸ್ಕ್ಯಾನ್ ಹತ್ತಿರ ಬಂದಷ್ಟೂ ಭಯ ಹೆಚ್ಚಾಗ್ತಿದೆ, ಅಲ್ವಾ?" ಆಮೇಲೆ "ಇದಕ್ಕೆ ನಾನೇನಾದರೂ ಮಾಡಲಾ, ಇಲ್ಲ ಕೇಳಿಸಿಕೊಂಡರೆ ಸಾಕಾ?" ಅಂತ ಕೇಳಿ. ಈ ಕೊನೆಯ ಪ್ರಶ್ನೆಯಿಂದ ಅರ್ಧ ಜಗಳ ತಪ್ಪುತ್ತೆ.

"ಬೇರೆಯವರಿಗೆ ಇದಕ್ಕಿಂತ ಕಷ್ಟ ಇದೆ", "ಮಗುವಿಗೋಸ್ಕರ ಗಟ್ಟಿಯಾಗು", "ನಮ್ಮ ಕಾಲದಲ್ಲಿ" ಇಂಥ ಮೂರೂ ಬೇಡ.

ರಾತ್ರಿಪಾಳಿ
ಮಾತಿನ ಭಾಗದಲ್ಲಿ ಸಾವಿನ ಯೋಚನೆ ಬಗ್ಗೆ ನೇರವಾಗಿ ಬರೆಯಿರಿ. ಎಷ್ಟೋ ಕೈಪಿಡಿಗಳು ಇದನ್ನು ಬಿಟ್ಟುಬಿಡುತ್ತವೆ, ಕೇಳಿದರೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅನ್ನೋ ಭಯದಿಂದ. ಹಾಗಾಗಲ್ಲ. ಕೇಳೋದರಿಂದ ಯೋಚನೆ ಹುಟ್ಟಲ್ಲ, ಇರುವ ಯೋಚನೆ ಹೊರಗೆ ಬರುತ್ತೆ.

"ಬದುಕೋದೇ ಬೇಡ ಅಂತ ಅನಿಸಿದೆಯಾ?" ಅಂತ ಕೇಳಿ. ಹೌದು ಅಂದರೆ ಗಾಬರಿ ತೋರಿಸದೆ ಮುಂದಕ್ಕೆ ಕೇಳಿ. ಹೇಗೆ ಅಂತ ಯೋಚನೆ ಮಾಡಿದ್ದೀಯಾ? ಅದಕ್ಕೆ ಬೇಕಾದ್ದು ಕೈಗೆ ಸಿಗೋ ಹಾಗಿದೆಯಾ? ಯಾವಾಗ ಅಂತ ಅಂದುಕೊಂಡಿದ್ದೀಯಾ? ಮೊದಲ ಪ್ರಶ್ನೆಗೆ ಮಾತ್ರ ಹೌದು ಅಂದರೆ ಅವತ್ತೇ ವೈದ್ಯರನ್ನೋ ದಾದಿಯನ್ನೋ ಸಂಪರ್ಕಿಸಿ. ಉಳಿದವುಗಳಲ್ಲಿ ಒಂದಕ್ಕೆ ಹೌದು ಬಂದರೂ ಒಂದು ನಿಮಿಷವೂ ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕದಂಥವನ್ನು ಬೀಗ ಹಾಕಿಯಲ್ಲ, ಮನೆಯಿಂದಲೇ ಹೊರಗೆ ಸಾಗಿಸಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. "ನಾಳೆ ನೋಡೋಣ" ಅನ್ನೋದು ಇಲ್ಲ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಕೊಟ್ಟರೆ ಉಳಿಸಿಕೊಳ್ಳೋಕಾಗಲ್ಲ.

ಸುಮ್ನೆಕೇಳ್ದೆ
ಒಂದು ಅನುಮಾನ. ಮೊದಲೇ ಮಾನಸಿಕ ಸಮಸ್ಯೆಗೆ ಗುಳಿಗೆ ತಗೊಳ್ತಿರೋರು ಬಸುರು ಅಂತ ಗೊತ್ತಾದ ತಕ್ಷಣ ನಿಲ್ಲಿಸಬೇಕು ಅಂತ ಪುಟದಲ್ಲಿ ಹಾಕಬೇಕಲ್ವಾ?

ಗುಳಿಗೆ
ಬೇಡವೇ ಬೇಡ! ಆ ಸಾಲು ಅಚ್ಚಾದರೆ ಅಪಾಯ. "ತಾವಾಗಿಯೇ ನಿಲ್ಲಿಸಬೇಡಿ, ಅದೇ ವಾರ ವೈದ್ಯರನ್ನು ಕಾಣಿರಿ" ಅಂತ ಹಾಕಿ.

ಖಿನ್ನತೆಗೆ ಸಾಮಾನ್ಯವಾಗಿ ಕೊಡೋದು ಎಸ್‌ಎಸ್‌ಆರ್‌ಐ ಗುಂಪಿನವು, ಉದಾಹರಣೆಗೆ ಸರ್ಟ್ರಲಿನ್. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕಿರಿಕಿರಿ ಶುರುವಾಗುತ್ತೆ. ಬಸುರಿನ ವಾಂತಿ ಅಂದುಕೊಂಡು ಅದನ್ನು ಯಾರೂ ಗುರುತಿಸಲ್ಲ. ಅದಕ್ಕಿಂತ ದೊಡ್ಡದು ಕಾಯಿಲೆ ಮರುಕಳಿಸೋದು. 2006ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬಸುರಿನಲ್ಲಿ ಔಷಧಿ ನಿಲ್ಲಿಸಿದವರಲ್ಲಿ ಶೇ. 68 ಮಂದಿಗೆ ಖಿನ್ನತೆ ಮರಳಿತು, ಮುಂದುವರಿಸಿದವರಲ್ಲಿ ಶೇ. 26. ಅವರೆಲ್ಲ ಹಿಂದೆ ಖಿನ್ನತೆ ಗಟ್ಟಿಯಾಗಿ ಕಾಡಿದ್ದವರು, ಹಾಗಾಗಿ ಈ ಅಂಕಿಯನ್ನು ಎಲ್ಲರಿಗೂ ಹೊಂದಿಸಬಾರದು, ಆದರೆ ದಿಕ್ಕು ಸ್ಪಷ್ಟ.

ಮಗುವಿನ ಕಡೆಯ ಅಪಾಯವನ್ನೂ ಮುಚ್ಚಿಡಬೇಡಿ. ಕೊನೆಯ ತಿಂಗಳುಗಳಲ್ಲಿ ತಗೊಂಡರೆ ಹುಟ್ಟಿದ ಮಗುವಿಗೆ ಕೆಲವು ದಿನ ನಡುಕ, ಕಿರಿಕಿರಿ, ಹಾಲು ಕುಡಿಯೋಕೆ ತೊಡಕು ಆಗಬಹುದು, ಬಹುತೇಕ ತಾನಾಗಿ ಹೋಗುತ್ತೆ. ಶ್ವಾಸಕೋಶದ ರಕ್ತದೊತ್ತಡದ ಒಂದು ಗಂಭೀರ ತೊಂದರೆ ಸಾವಿರಕ್ಕೆ ಸುಮಾರು 2 ಇರೋದು 3 ಆಗಬಹುದು. ಇನ್ನೊಂದು ತಟ್ಟೆಯಲ್ಲಿ ಚಿಕಿತ್ಸೆಯಿಲ್ಲದ ಖಿನ್ನತೆ ಇದೆ: ತಪಾಸಣೆ ತಪ್ಪಿಸೋದು, ಊಟ ಬಿಡೋದು, ಅವಧಿಗೆ ಮುಂಚಿನ ಹೆರಿಗೆ, ಆತ್ಮಹತ್ಯೆ. ಎರಡನ್ನೂ ತೂಗಿ ನೋಡುವ ಮಾತು ವೈದ್ಯರ ಜೊತೆ ಆಗಬೇಕು.

ಇದಕ್ಕೆ ಹೊರತು ವಾಲ್‌ಪ್ರೊಯೇಟ್. ಬೈಪೋಲಾರ್‌ಗೂ (ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆ) ಮೂರ್ಛೆ ರೋಗಕ್ಕೂ ಕೊಡ್ತಾರೆ. ಗರ್ಭದಲ್ಲಿ ಇದಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಅಂಗವೈಕಲ್ಯ, 30ರಿಂದ 40 ಮಂದಿಗೆ ಬೆಳವಣಿಗೆಯ ತೊಂದರೆ. ಇದನ್ನು ತಗೊಳ್ತಿರೋರು ಬಸುರಿಗೆ ಮುಂಚೆಯೇ ಬದಲಿಸಿಕೊಳ್ಳಬೇಕು. ಬಸುರು ಆಗೇ ಬಿಟ್ಟಿದ್ದರೆ ಅದೇ ದಿನ ವೈದ್ಯರಿಗೆ ಫೋನ್. ಮೂರ್ಛೆ ರೋಗಿ ತಾನಾಗಿ ನಿಲ್ಲಿಸಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರಿಗೂ ಅಪಾಯ.

ಹೆರಿಗೆಕೋಣೆ
ಬೈಪೋಲಾರ್‌ಗೆ ಕೊಡುವ ಲಿಥಿಯಂ ಬಗ್ಗೆಯೂ ಹೇಳಿ. ಬಸುರಿನಲ್ಲಿ ಮೂತ್ರಪಿಂಡ ಜೋರಾಗಿ ಸೋಸುತ್ತೆ, ರಕ್ತದಲ್ಲಿ ಲಿಥಿಯಂ ಮಟ್ಟ ಇಳಿಯುತ್ತೆ. ಹಳೇ ಪ್ರಮಾಣ ಸಾಲದೆ ಹೋಗುತ್ತೆ.

ಗುಳಿಗೆ
ಹೌದು. ಅದಕ್ಕೇ 36 ವಾರದವರೆಗೆ ನಾಲ್ಕು ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ರಕ್ತಪರೀಕ್ಷೆ. ಹೆರಿಗೆ ಆದ ಕೂಡಲೇ ಮಟ್ಟ ಮತ್ತೆ ಏರೋದರಿಂದ ಪ್ರಮಾಣವನ್ನು ಕೂಡಲೇ ಸರಿಪಡಿಸಬೇಕು. ಆದರೆ ಇದು ಮನೆಯವರ ಪುಟಕ್ಕೆ ಬೇಕಿಲ್ಲ.

ಲೆಕ್ಕಪತ್ರ
ಮನಸ್ಸಿನದ್ದು ಅಂತ ತೀರ್ಮಾನಿಸುವ ಮುಂಚೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ ಅಂತ ಒಂದು ಸಾಲು ಹಾಕಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಮಧ್ಯದ ಮೂರು ತಿಂಗಳಲ್ಲಿ 10.5. ವಾಂತಿಯಿಂದ ದೇಹತೂಕದ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಅದು "ಸಹಜ ವಾಂತಿ" ಅಲ್ಲ, ಅದಕ್ಕೇ ಚಿಕಿತ್ಸೆ ಬೇಕು. ದಿನಕ್ಕೆ ಹದಿನೈದು ಸಲ ವಾಂತಿ ಮಾಡೋಳಿಗೆ ಆಪ್ತಸಲಹೆ ಕೊಟ್ಟು ಪ್ರಯೋಜನ ಇಲ್ಲ, ಮೊದಲು ವಾಂತಿ ನಿಲ್ಲಬೇಕು.

ಹಳೇಬೇರು
ಅದನ್ನು ಒಪ್ಪುತ್ತೇನೆ. ಆದರೆ ಒಂದು ಕೇಳ್ತೀನಿ, ಎಲ್ಲಕ್ಕೂ ವೈದ್ಯರು, ತಜ್ಞರು ಅಂದರೆ ಅವರು ಸಿಗದ ಕಡೆ ಇರೋರು ಏನು ಮಾಡಬೇಕು?

ಮನೋವಿಜ್ಞಾನ_ಓದು
ಒಳ್ಳೆ ಪ್ರಶ್ನೆ ಸರ್, ಅದಕ್ಕೆ ಗಟ್ಟಿ ಉತ್ತರವೂ ಇದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ, ಮನೋವೈದ್ಯರಲ್ಲದವರಿಗೆ, ತರಬೇತಿ ಕೊಟ್ಟರು. ಕಾರ್ಯಕ್ರಮದ ಹೆಸರು 'ಥಿಂಕಿಂಗ್ ಹೆಲ್ದಿ'. ಬಸುರಿನ ಕೊನೆಯ ತಿಂಗಳಿಂದ ಶುರುಮಾಡಿ ಹೆರಿಗೆಯ ನಂತರವೂ ಸೇರಿ 16 ಭೇಟಿ. 2008ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಮಗುವಿಗೆ ಆರು ತಿಂಗಳಾದಾಗ ಖಿನ್ನತೆ ಉಳಿದಿದ್ದು ಈ ಗುಂಪಿನಲ್ಲಿ ಶೇ. 23, ಹೋಲಿಕೆಯ ಗುಂಪಿನಲ್ಲಿ ಶೇ. 53. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದರ ಕೈಪಿಡಿಯನ್ನೇ ಹೊರತಂದಿದೆ.

ಅದರಲ್ಲಿ ಮಾಡೋದು ಮೂರು ಹೆಜ್ಜೆ. ಕುಗ್ಗಿಸುವ ಯೋಚನೆಯನ್ನು ಗುರುತಿಸೋದು, ಅದರ ಜಾಗಕ್ಕೆ ಉಪಯುಕ್ತ ಯೋಚನೆ ತರೋದು, ಅದಕ್ಕೆ ತಕ್ಕ ಕೆಲಸವನ್ನು ಅಭ್ಯಾಸ ಮಾಡೋದು. ಉದಾಹರಣೆಗೆ, "ಏನು ಮಾಡಿದರೂ ಮಗು ಚೆನ್ನಾಗಿ ಬೆಳೆಯಲ್ಲ" ಅನ್ನೋ ಯೋಚನೆಗೆ "ಇವತ್ತು ನನ್ನ ಕೈಲಿರೋ ಒಂದು ಕೆಲಸ, ಮಧ್ಯಾಹ್ನದ ಊಟ ಬಿಡದಿರೋದು". ಮುಂದಿನ ಭೇಟಿಯಲ್ಲಿ ಅದು ಆಯ್ತಾ, ಆಗದಿದ್ದರೆ ಏನು ಅಡ್ಡ ಬಂತು ಅಂತ ಮಾತು. ಮನೆಯವರನ್ನೂ ಈ ಭೇಟಿಯಲ್ಲಿ ಸೇರಿಸಿಕೊಳ್ತಾರೆ.

ಹಳೇಬೇರು
ಇದು ಸರಿ. ಇಂಥದ್ದು ಬೇಕು.

ಮನದಮಾತು
@ಕೈದೀವಿಗೆ, ಈಗ ಒಂದು ಗಂಭೀರ ಆಕ್ಷೇಪ. ಪುಟವನ್ನು "ಮನೆಯವರ ಕೈಗೆ" ಕೊಡ್ತೀರಿ ಅಂತ ಬರೆದಿದ್ದೀರಿ. ಮನೆಯೇ ಸಮಸ್ಯೆ ಆಗಿದ್ದರೆ? ಹೊಡೆತ, ಬೈಗುಳ, ಹಣ ಕೊಡದಿರೋದು, ಫೋನ್ ತೆಗೆದು ನೋಡೋದು, ತವರಿನವರ ಜೊತೆ ಮಾತಾಡೋಕೆ ಬಿಡದಿರೋದು ಇರುವ ಮನೆಗೆ ಈ ಪುಟ ಹೋದರೆ ಅವಳ ಮೇಲೆ ಇನ್ನೊಂದು ಹಿಡಿತ ಕೊಟ್ಟ ಹಾಗೆ. "ರಾತ್ರಿ ಫೋನ್ ಎತ್ತೋರು" ಅಂತ ಹಿಂಸೆ ಮಾಡುವವನ ಹೆಸರೇ ಪಟ್ಟಿಗೆ ಬರುತ್ತೆ.

ಹಾಗಾಗಿ ಎರಡು ಹಾಳೆ ಮಾಡಿ. ಮನೆಯವರದ್ದು ಬೇರೆ, ಅವಳದ್ದು ಬೇರೆ. ಅವಳ ಹಾಳೆ ಕೊಡೋದು ಒಬ್ಬಳೇ ಇದ್ದಾಗ, ಅದರ ಬಗ್ಗೆ ಕೇಳೋದೂ ಒಬ್ಬಳೇ ಇದ್ದಾಗ. ತಪಾಸಣೆಯ ಭೇಟಿಯಲ್ಲಿ ತೂಕ, ಮೂತ್ರಪರೀಕ್ಷೆಯ ನೆಪದಲ್ಲಿ ಕೆಲವು ನಿಮಿಷ ಪ್ರತ್ಯೇಕ ಸಿಗುತ್ತೆ, ಅದನ್ನು ಬಳಸಿ. ಗಂಡನ ಮುಂದೆ "ಮನೆಯಲ್ಲಿ ಎಲ್ಲ ಚೆನ್ನಾಗಿದೆಯಾ?" ಅಂತ ಕೇಳೋದು ಕೇಳದೇ ಇರೋದಕ್ಕಿಂತ ಕೆಟ್ಟದ್ದು. ಭಾಷೆ ಬಾರದಿದ್ದರೆ ಮನೆಯವರನ್ನೇ ದುಭಾಷಿಯಾಗಿ ಕೂರಿಸಬೇಡಿ. ಅವಳ ಹಾಳೆಯ ಮೇಲೆ "ಹಿಂಸೆ" ಅನ್ನೋ ತಲೆಬರಹ ಹಾಕಬೇಡಿ, ಸಹಾಯದ ಫೋನ್ ಸಂಖ್ಯೆಯನ್ನು ಬೇರೆ ಸಾಮಾನ್ಯ ಸಂಖ್ಯೆಗಳ ನಡುವೆ ಸೇರಿಸಿ. ಯಾರ ಕಣ್ಣಿಗೆ ಬಿದ್ದರೂ ಅನುಮಾನ ಬರಬಾರದು.

ಕೈದೀವಿಗೆ
ಎರಡು ಹಾಳೆ ಖಂಡಿತ ಮಾಡುತ್ತೇನೆ. ಅವಳ ಹಾಳೆಗೆ ಇನ್ನೇನು ಬೇಕು?

ಮನೋವಿಜ್ಞಾನ_ಓದು
ಬೇಡದ ಯೋಚನೆಗಳ ಬಗ್ಗೆ ಎರಡು ಸಾಲು. "ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ?" ಅಂತ ಬೇಡದ ಚಿತ್ರ ತಲೆಗೆ ನುಗ್ಗೋದು ಬಹಳ ಜನಕ್ಕೆ ಆಗುತ್ತೆ, ಬಸುರಿನಲ್ಲೂ, ಹೆತ್ತ ಮೇಲೂ. ಅದು ಬಂದಾಗ ಅವಳಿಗೆ ಭಯ, ಅಸಹ್ಯ ಆಗುತ್ತೆ, ಚಾಕು ಮುಚ್ಚಿಡ್ತಾಳೆ, ನೂರು ಸಲ ಪರೀಕ್ಷಿಸ್ತಾಳೆ. ಇದು ಗೀಳಿನ ಲಕ್ಷಣ. ಇಂಥವರು ಹಾನಿ ಮಾಡುವವರಲ್ಲ, ಚಿಕಿತ್ಸೆಯೂ ಇದೆ. ಹೇಳಿದರೆ ಮಗುವನ್ನು ಕಿತ್ತುಕೊಳ್ತಾರೆ ಅಂತ ಹೆದರಿ ಬಾಯಿ ಬಿಡಲ್ಲ, ಅದಕ್ಕೇ ಹಾಳೆಯಲ್ಲೇ ಬರೆಯಬೇಕು.

ರಾತ್ರಿಪಾಳಿ
ಅದರ ಪಕ್ಕದಲ್ಲೇ ವ್ಯತ್ಯಾಸವನ್ನೂ ಬರೆಯಿರಿ, ಮನೆಯವರ ಹಾಳೆಯಲ್ಲೂ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ನಿದ್ದೆಯೇ ಬೇಡ ಅನ್ನುವಷ್ಟು ಚುರುಕು, ಗೊಂದಲ, ಇಲ್ಲದ ದನಿ ಕೇಳೋದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಗಂಟೆಗೊಂದು ಮನಸ್ಥಿತಿ ಇದ್ದರೆ ಅದು ಪ್ರಸವೋತ್ತರ ಮನೋವಿಕೃತಿ ಇರಬಹುದು. ಸಾವಿರಕ್ಕೆ ಒಬ್ಬರು ಅಥವಾ ಇಬ್ಬರಿಗೆ ಬರುತ್ತೆ. ಗೀಳಿನವಳು ತನ್ನ ಯೋಚನೆಗೇ ಹೆದರ್ತಾಳೆ, ಇವಳು ಅದನ್ನು ನಿಜ ಅಂತ ನಂಬ್ತಾಳೆ. ಇದು ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ, ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. ಬೈಪೋಲಾರ್ ಇದ್ದವರಿಗೆ, ಹಿಂದಿನ ಹೆರಿಗೆಯಲ್ಲಿ ಹೀಗೆ ಆಗಿದ್ದವರಿಗೆ ಅಪಾಯ ತುಂಬ ಹೆಚ್ಚು. ಅವರಿಗೆ ಹೆರಿಗೆಗೆ ಮುಂಚೆಯೇ ಲಿಖಿತ ಯೋಜನೆ ಇರಬೇಕು.

ಸುಮ್ನೆಕೇಳ್ದೆ
ಸ್ವಲ್ಪ ಪಕ್ಕದ ವಿಷಯ. ಗರ್ಭಿಣಿಯರ ವಾಟ್ಸ್‌ಆ್ಯಪ್ ಗುಂಪುಗಳು ಒಳ್ಳೆಯವೋ ಕೆಟ್ಟವೋ?

ಹೆರಿಗೆಕೋಣೆ
ನಡೆಸೋರ ಮೇಲಿದೆ. ನಿಗಾ ಇಲ್ಲದ ಇನ್ನೂರು ಜನರ ಗುಂಪಲ್ಲಿ ರಾತ್ರಿ ಒಂದು ಗಂಟೆಗೆ ಯಾರೋ ಭೀಕರ ಹೆರಿಗೆ ಕತೆ ಹಾಕ್ತಾರೆ, ಮೊದಲೇ ಹೆರಿಗೆ ಅಂದರೆ ನಡುಗುವವರು ಅದನ್ನು ಓದಿ ಬೆಳಗಿನವರೆಗೂ ಎದ್ದಿರ್ತಾರೆ. ಹೆರಿಗೆಯ ತೀವ್ರ ಭಯ ತಾನೇ ಒಂದು ಸಮಸ್ಯೆ, ಟೋಕೋಫೋಬಿಯಾ ಅಂತಾರೆ. ಅಂಥವರು ಗುಂಪು ಬಿಟ್ಟು ಹೆರಿಗೆ ಮಾಡಿಸುವ ತಂಡದ ಜೊತೆ ಒಂದೊಂದೇ ಭಯವನ್ನು ಬಿಡಿಸಿ ಮಾತಾಡಬೇಕು. ನೋವಾ, ಹೊಲಿಗೆಯಾ, ಕೈಮೀರಿ ಹೋಗೋದಾ? ಪ್ರತಿಯೊಂದಕ್ಕೂ ಉತ್ತರ ಬೇರೆ.

ಹೆರಿಗೆ ವೇಳೆ ಜೊತೆಗಾರರ ವಿಷಯವೂ ಇಲ್ಲೇ ಬರುತ್ತೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯಲ್ಲಿ 26 ಪ್ರಯೋಗ, 15,000ಕ್ಕೂ ಹೆಚ್ಚು ಮಹಿಳೆಯರು. ಉದ್ದಕ್ಕೂ ಒಬ್ಬರು ಪಕ್ಕದಲ್ಲೇ ಇದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಹೆರಿಗೆಯ ಅವಧಿ ಕಡಿಮೆ, ಬೇಸರದ ಅನುಭವ ಕಡಿಮೆ. ಯಾರು ಆ ಒಬ್ಬರು ಅಂತ ಏಳನೇ ತಿಂಗಳಲ್ಲೇ ಗೊತ್ತುಮಾಡಿ, ಆಸ್ಪತ್ರೆ ಒಳಗೆ ಬಿಡುತ್ತಾ ಅಂತ ಕೇಳಿಡಿ, ಬದಲಿಗೆ ಇನ್ನೊಬ್ಬರನ್ನೂ ಇಟ್ಟುಕೊಳ್ಳಿ.

ಲೆಕ್ಕಪತ್ರ
ಫೋನ್ ಆಸರೆಗೆ ಪುರಾವೆ ಇದೆ. 2009ರಲ್ಲಿ ಕೆನಡಾದಲ್ಲಿ ಹೆರಿಗೆಯಾದ ಎರಡು ವಾರದೊಳಗಿನ 701 ಮಹಿಳೆಯರು, ಎಲ್ಲರೂ ಹೆಚ್ಚಿನ ಅಪಾಯದವರು. ಹಿಂದೆ ತಾವೇ ಖಿನ್ನತೆಯಿಂದ ಹೊರಬಂದ ತಾಯಂದಿರಿಗೆ ಚಿಕ್ಕ ತರಬೇತಿ ಕೊಟ್ಟು ಫೋನ್ ಮಾಡಿಸಿದರು. 12 ವಾರಕ್ಕೆ ಎಡಿನ್‌ಬರೋ ಅಂಕ 12 ದಾಟಿದವರು ಫೋನ್ ಬಂದವರಲ್ಲಿ ಶೇ. 14, ಬಾರದವರಲ್ಲಿ ಶೇ. 25. ಆ ಫೋನ್ ಬಂದದ್ದು ಒಬ್ಬರಿಂದ ಒಬ್ಬರಿಗೆ ಅನ್ನೋದನ್ನು ಗಮನಿಸಿ. ಗುಂಪು ಚಾಟ್‌ಗೆ ಈ ಅಂಕಿ ಅನ್ವಯಿಸಲ್ಲ.

ಮನದಮಾತು
ಗಂಡಂದಿರನ್ನು ಬರೀ ಪಟ್ಟಿಯ ಕೆಲಸಗಾರರಾಗಿ ನೋಡಬೇಡಿ. ಈ ಅವಧಿಯಲ್ಲಿ ಹತ್ತು ಅಪ್ಪಂದಿರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಖಿನ್ನತೆ ಇರುತ್ತೆ. ಅಳುವಿಗಿಂತ ಸಿಡುಕು, ತಡವಾಗಿ ಮನೆಗೆ ಬರೋದು, ಕುಡಿತ ಹೆಚ್ಚಾಗೋದಾಗಿ ಕಾಣಿಸಬಹುದು. ವೂಲಿಯ ಎರಡು ಪ್ರಶ್ನೆಯನ್ನು ಅವರಿಗೂ ಕೇಳಿ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಪಟ್ಟಿ ಹೆರಿಗೆಯ ದಿನಕ್ಕೆ ಮುಗಿಯಬಾರದು. ಮೂರನೇ ದಿನದಿಂದ ಐದನೇ ದಿನದ ಹೊತ್ತಿಗೆ ಸುಮ್ಮಸುಮ್ಮನೆ ಅಳು ಬರೋದು ಬಹಳಷ್ಟು ತಾಯಂದಿರಿಗೆ ಆಗುತ್ತೆ, ಎರಡು ವಾರದೊಳಗೆ ಹೋಗುತ್ತೆ. ಹೋಗದಿದ್ದರೆ ಖಿನ್ನತೆಯ ತಪಾಸಣೆ. ಮನೆಗಳಲ್ಲಿ ನೆರವು ತೆಳುವಾಗಿ ನೆಂಟರು ಹೊರಡೋದೂ ಸರಿಯಾಗಿ ಇದೇ ಹೊತ್ತಿಗೆ. ಪಟ್ಟಿಯನ್ನು ಕನಿಷ್ಠ 12 ವಾರಕ್ಕೆ ಎಳೆಯಿರಿ, ಜನರನ್ನು ಮೊದಲ ವಾರಕ್ಕೇ ಸುರಿಯಬೇಡಿ, ಸರದಿ ಹಾಕಿ. ಅದರಲ್ಲಿ ರಾತ್ರಿಯ ಸಾಲು ಬೇಕೇ ಬೇಕು: ತಾಯಿಗೆ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗೋ ಹಾಗೆ ಉಳಿದ ಕೆಲಸ ಯಾರದ್ದು. ಹಾಲೂಡಿಸೋಕೆ ಮಾತ್ರ ಮಗುವನ್ನು ತಂದುಕೊಟ್ಟು, ತೇಗು ಬರಿಸೋದು, ಬಟ್ಟೆ ಬದಲಿಸೋದು, ಮಲಗಿಸೋದು ಇನ್ನೊಬ್ಬರದ್ದು ಆದರೂ ಬಹಳ ಉಳಿತಾಯ.

ಗುಳಿಗೆ
ಅವಳ ಹಾಳೆಯಲ್ಲಿ ಈಗ ತಗೊಳ್ತಿರೋ ಎಲ್ಲ ಔಷಧಿಗಳ ಹೆಸರು, ಪ್ರಮಾಣ ಬರೆಯೋಕೆ ಜಾಗ ಬಿಡಿ. ಗಿಡಮೂಲಿಕೆಯದ್ದೂ ಸೇರಲಿ. ಸೇಂಟ್ ಜಾನ್ಸ್ ವರ್ಟ್‌ನಂಥದ್ದನ್ನು "ನೈಸರ್ಗಿಕ" ಅಂತ ಎಸ್‌ಎಸ್‌ಆರ್‌ಐ ಜೊತೆ ತಗೊಂಡರೆ ಮೆದುಳಿನ ರಾಸಾಯನಿಕವಾದ ಸೆರೊಟೋನಿನ್ ಅತಿಯಾಗಿ ಏರಿ ಜೀವಕ್ಕೇ ತೊಂದರೆ ಆಗಬಹುದು.

ಕೈದೀವಿಗೆ
ಎಲ್ಲರಿಗೂ ಧನ್ಯವಾದ. ಈಗ ರೂಪ ಹೀಗಿದೆ. ಮನೆಯವರ ಹಾಳೆ: ಎರಡು ಪ್ರಶ್ನೆ, ಹೆಸರು-ದಿನ-ಹೊತ್ತಿನ ಪಟ್ಟಿ 12 ವಾರದವರೆಗೆ, ಹದಿನೈದು ನಿಮಿಷದ ಮಾತು, ಔಷಧಿ ನಿಲ್ಲಿಸಬೇಡಿ ಅನ್ನೋ ಸಾಲು, ತುರ್ತು ಲಕ್ಷಣಗಳು ಕೆಂಪು ಚೌಕದಲ್ಲಿ. ಅವಳ ಹಾಳೆ: ಬೇಡದ ಯೋಚನೆಗಳು, ಔಷಧಿ ಪಟ್ಟಿ, ಹತ್ತು ನಿಮಿಷದ ಎರಡು ಕೆಲಸ, ಫೋನ್ ಸಂಖ್ಯೆಗಳು. ಸಂಖ್ಯೆಗಳನ್ನು ಇಂಟರ್‌ನೆಟ್‌ನಿಂದ ತೆಗೆದು ಹಾಕುತ್ತೇನೆ.

ರಾತ್ರಿಪಾಳಿ
ಅಚ್ಚಿಗೆ ಕೊಡುವ ಮುಂಚೆ ಪ್ರತಿಯೊಂದು ಸಂಖ್ಯೆಗೂ ಕರೆ ಮಾಡಿ ನೋಡಿ, ಒಮ್ಮೆ ಹಗಲು, ಒಮ್ಮೆ ರಾತ್ರಿ ಹನ್ನೆರಡರ ಮೇಲೆ. ರಾತ್ರಿ ಎತ್ತದ ಸಂಖ್ಯೆಯ ಮುಂದೆ ಅದು ಎಷ್ಟು ಗಂಟೆಯಿಂದ ಎಷ್ಟರವರೆಗೆ ಅಂತ ಬರೆಯಿರಿ, ಕೆಳಗೆ ತುರ್ತು ವಿಭಾಗದ ಸಂಖ್ಯೆ ಹಾಕಿ. ಯಾವ ಭಾಷೆಯಲ್ಲಿ ಮಾತಾಡ್ತಾರೆ ಅಂತಲೂ ಕೇಳಿಕೊಳ್ಳಿ. ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿ, ಹಾಳೆಯ ಮೂಲೆಯಲ್ಲಿ ಕೊನೆಯ ಸಲ ಪರೀಕ್ಷಿಸಿದ ತಿಂಗಳು ಹಾಕಿ.